ಹೆಸರು ಕರೆದರೆ ಓಗೊಡದ ಕಂಪ್ಯೂಟರ್: ಮನೆಯ ರೌಟರಿನಲ್ಲಿ ದೋಷ ಹುಡುಕುವ ಬಗೆ

ಬರೆಯುವವರು ಬೇರೆ ಬೇರೆ, ಊರು ಒಮ್ಮೆ ಇಳಕಲ್, ಒಮ್ಮೆ ಜಮಖಂಡಿ, ಒಮ್ಮೆ ನಮ್ಮ ನವನಗರದ್ದೇ ಪಕ್ಕದ ಸೆಕ್ಟರ್. ಪ್ರಶ್ನೆ ಮಾತ್ರ ಒಂದೇ: "ಸರ್, ಇಂಟರ್‌ನೆಟ್ ಛಲೋ ಬರ್ತದ್ರಿ. ಐಪಿ ನಂಬರ್ ಹಾಕಿದ್ರ ಹಾರ್ಡ್ ಡಿಸ್ಕ್ ತೆರೀತದ. ಹೆಸರು ಹಾಕಿದ್ರ ತೆರೀವಲ್ದು. ನಿನ್ನಿತನಕ ಬರೋಬ್ಬರಿ ಇತ್ತು." ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಒಮ್ಮೆ ಪೂರ್ತಿಯಾಗಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ರೌಟರಿನ ಹಿಂದೆ ಒಂದು ಸಣ್ಣ ತೂತಿದೆ, ಅದರೊಳಗೆ ರಿಸೆಟ್ ಗುಂಡಿ ಇದೆ. ಅದಕ್ಕೆ ಪಿನ್ನು ಚುಚ್ಚಬೇಡಿ. ಚುಚ್ಚಿದರೆ ಹೆಸರಿನ ತೊಂದರೆ ಹೋಗುವುದಿಲ್ಲ, ಇಂಟರ್‌ನೆಟ್ ಕೊಟ್ಟವರು ಒಳಗೆ ತುಂಬಿಸಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಮಾತ್ರ ಅಳಿಸಿಹೋಗುತ್ತವೆ. ಆಮೇಲೆ ಕೇಬಲ್‌ನವರಿಗೆ ಫೋನ್ ಹಚ್ಚಿ, ಅವರು ಬರುವವರೆಗೆ ಎರಡು ದಿನ ಕಾಯಬೇಕು.

ಹೆಸರು ಸಿಗುವುದು ಹೇಗೆ?

ಬಾಗಲಕೋಟೆಯ ನವನಗರದಲ್ಲಿ ಮನೆ ಹುಡುಕಿದವರಿಗೆ ಇದು ಬೇಗ ತಿಳಿಯುತ್ತದೆ. ಇಲ್ಲಿ ವಿಳಾಸವೆಂದರೆ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಆದರೆ ಬಾಯಲ್ಲಿ ಬರುವುದು "ಜವಳಿ ಅಂಗಡಿಯವರ ಮನೆ" ಎಂದೇ. ಹಾಗಾಗಿ ಮೂಲೆಯ ಕಿರಾಣಿ ಅಂಗಡಿಯಲ್ಲಿ ಕೇಳುತ್ತೇವೆ, ಅವರು ಪ್ಲಾಟ್ ನಂಬರ್ ಹೇಳುತ್ತಾರೆ, ನಾವು ಹೋಗುತ್ತೇವೆ. ಮನೆಯ ನೆಟ್‌ವರ್ಕಿನಲ್ಲಿ ಪ್ಲಾಟ್ ನಂಬರು ಎಂದರೆ ಐಪಿ ವಿಳಾಸ, ಉದಾಹರಣೆಗೆ 192.168.1.20. ಹೆಸರನ್ನು ಕೇಳಿ ನಂಬರ್ ಹೇಳುವ ಕಿರಾಣಿ ಅಂಗಡಿಯವರು ಡಿಎನ್‌ಎಸ್. ಹೊಸದಾಗಿ ಬಂದವರಿಗೆ ಪ್ಲಾಟ್ ಹಂಚುವ ಕೆಲಸ ಡಿಎಚ್‌ಸಿಪಿಯದು. ಹಂಚಿದ ಪ್ಲಾಟಿಗೆ ಅವಧಿ ಇರುತ್ತದೆ, ಅದಕ್ಕೆ ಲೀಸ್ ಎನ್ನುತ್ತಾರೆ. ನಮ್ಮ ಹೊಲದ ಲೀಸಿನ ಹಾಗೆಯೇ, ಮುಗಿಯುವ ಮೊದಲು ಮುಂದುವರಿಸಿಕೊಳ್ಳಬೇಕು. ಮನೆಗಳಲ್ಲಿ ಹಂಚುವವರು, ಹೇಳುವವರು ಇಬ್ಬರೂ ಸಾಮಾನ್ಯವಾಗಿ ರೌಟರ್ ಡಬ್ಬಿಯೊಳಗೇ ಕೂತಿರುತ್ತಾರೆ.

ಕಂಪ್ಯೂಟರಿಗೆ ನೀವು ಇಟ್ಟ ಹೆಸರು ತಾನಾಗಿ ನೆಟ್‌ವರ್ಕಿನಲ್ಲಿ ಹರಡುವುದಿಲ್ಲ. ಯಾರದೋ ಖಾತೆ ಪುಸ್ತಕದಲ್ಲಿ ಅದು ಬರೆದಿರಬೇಕು, ಮತ್ತು ನಿಮ್ಮ ಲ್ಯಾಪ್‌ಟಾಪ್ ಅವರನ್ನೇ ಹೋಗಿ ಕೇಳಬೇಕು. ದೋಷ ಇರುವುದು ಈ ಎರಡರಲ್ಲಿ ಒಂದರಲ್ಲಿ. ನನ್ನ ಹತ್ತಿರ ಬಂದ ತಕರಾರುಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವು: ಖಾತೆ ಸರಿಯಾಗಿಯೇ ಇರುತ್ತದೆ, ಕೇಳುತ್ತಿರುವುದು ಬೇರೆ ಅಂಗಡಿಯಲ್ಲಿ.

ಏನೇನು ಬೇಕು?

ಒಂದು ವಿಂಡೋಸ್ ಲ್ಯಾಪ್‌ಟಾಪ್, ರೌಟರಿನ ಅಡ್ಮಿನ್ ಪಾಸ್‌ವರ್ಡ್, ಹಾಳೆ, ಪೆನ್ನು. ಅಡ್ಮಿನ್ ಪಾಸ್‌ವರ್ಡ್ ಎಂದರೆ ವೈಫೈ ಪಾಸ್‌ವರ್ಡ್ ಅಲ್ಲ, ರೌಟರಿನ ಸೆಟ್ಟಿಂಗ್ ಪುಟ ತೆರೆಯುವ ಪಾಸ್‌ವರ್ಡ್. ಬಹಳಷ್ಟು ಡಬ್ಬಿಗಳಲ್ಲಿ ಅದು ತಳದ ಚೀಟಿಯ ಮೇಲೆ ಇರುತ್ತದೆ.

ಆದೇಶಗಳನ್ನೂ ಹೆಸರುಗಳನ್ನೂ ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ, "ಡಾಟ್" ಎಂದಲ್ಲಿ ಚುಕ್ಕಿ ಇಡಿ. ಉದಾಹರಣೆಗಾಗಿ ನಮ್ಮ ಮನೆಯ ನೆಟ್‌ವರ್ಕಿಗೆ ಹಚ್ಚಿದ ಹಾರ್ಡ್ ಡಿಸ್ಕ್ ಡಬ್ಬಿಯ ಹೆಸರು "ಕಣಜ" ಎಂದೂ, ಅದರ ಐಪಿ 192.168.1.20 ಎಂದೂ, ರೌಟರ್ 192.168.1.1 ಎಂದೂ ಇಟ್ಟುಕೊಳ್ಳೋಣ. ನಿಮ್ಮ ರೌಟರ್ 192.168.0.1 ಇರಬಹುದು. ಜಿಯೋ ಫೈಬರ್ ಡಬ್ಬಿಯಾದರೆ 192.168.29.1 ಇರುತ್ತದೆ.

1. ತಪ್ಪಿದ್ದು ಹೆಸರೋ, ದಾರಿಯೋ?

ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಮೊದಲು ನಂಬರ್ ಹಾಕಿ: ಪಿಂಗ್ 192.168.1.20. ಪಿಂಗ್ ಎಂದರೆ "ಇದ್ದೀಯಾ?" ಎಂದು ಕೂಗಿ ನೋಡುವ ಆದೇಶ. ನಂತರ ಹೆಸರು ಹಾಕಿ: ಪಿಂಗ್ ಕಣಜ.

ಹೆಸರು ಹಾಕಿದಾಗ ಬರುವ ಮೊದಲ ಸಾಲನ್ನು ಗಮನವಿಟ್ಟು ಓದಿ. ಅಲ್ಲಿ ಹೆಸರಿನ ಪಕ್ಕ ಚೌಕ ಕಂಸದಲ್ಲಿ 192.168.1.20 ಎಂದು ಬಂದಿದ್ದರೆ ಹೆಸರಿನ ಕೆಲಸ ಮುಗಿಯಿತು. ಆಮೇಲೆ "ರಿಕ್ವೆಸ್ಟ್ ಟೈಮ್ಡ್ ಔಟ್" ಎಂದು ನಾಲ್ಕು ಸಲ ಬಂದರೂ ಅದು ಹೆಸರಿನ ದೋಷವಲ್ಲ. ಆಚೆ ಕಡೆಯ ಕಂಪ್ಯೂಟರಿನ ಫೈರ್‌ವಾಲ್, ಎಂದರೆ ಬಾಗಿಲ ಕಾವಲು, ಪಿಂಗಿಗೆ ಉತ್ತರ ಕೊಡುತ್ತಿಲ್ಲ, ಅಷ್ಟೇ. ಆ ಕಂಪ್ಯೂಟರಿನ ವಿಂಡೋಸ್ ನಿಮ್ಮ ಮನೆಯ ವೈಫೈಯನ್ನು "ಪಬ್ಲಿಕ್" ಎಂದು ತಿಳಿದುಕೊಂಡಿದ್ದರೆ ಹೀಗಾಗುತ್ತದೆ. ಅದರ ವೈಫೈ ಪ್ರಾಪರ್ಟೀಸಿನಲ್ಲಿ "ಪ್ರೈವೇಟ್" ಎಂದು ಬದಲಿಸಿ. ಇದನ್ನು ಓದದೆ ರಾತ್ರಿಯೆಲ್ಲ ರೌಟರ್ ಜೊತೆ ಗುದ್ದಾಡಿದವರು ಕಡಿಮೆಯಿಲ್ಲ.

ನಂಬರ್ ಹಾಕಿದರೂ, ಯಾವ ರೀತಿಯಿಂದಲೂ ತೆರೆಯದಿದ್ದರೆ ಈ ಲೇಖನ ನಿಮಗಲ್ಲ. ಕೇಬಲ್ ನೋಡಿ, ಡಬ್ಬಿಗೆ ಕರೆಂಟ್ ಇದೆಯೇ ನೋಡಿ, ನೀವೇ ಗೆಸ್ಟ್ ವೈಫೈನಲ್ಲಿ ಕೂತಿಲ್ಲ ತಾನೇ ಎಂದೂ ನೋಡಿ. ಗೆಸ್ಟ್ ವೈಫೈ ಬೇಕೆಂದೇ ಮನೆಯ ಉಳಿದ ಯಂತ್ರಗಳನ್ನು ಮರೆಮಾಡುತ್ತದೆ.

ಬ್ರೌಸರಿನ ಒಂದು ಕಿರಿಕಿರಿ: ಚುಕ್ಕಿ ಇಲ್ಲದ ಒಂಟಿ ಹೆಸರು ಟೈಪ್ ಮಾಡಿದರೆ ಅದು ಹುಡುಕುವ ಪದ ಎಂದು ಭಾವಿಸಿ ಗೂಗಲಿಗೆ ಹೋಗುತ್ತದೆ. ಹೆಸರಿನ ಕೊನೆಗೆ ಒಂದು ಓರೆಗೆರೆ ( / ) ಹಾಕಿ, ಆಗ ಅದು ವಿಳಾಸ ಎಂದು ತಿಳಿಯುತ್ತದೆ.

2. ಲ್ಯಾಪ್‌ಟಾಪ್ ಯಾರನ್ನು ಕೇಳುತ್ತಿದೆ?

ಇದು ಈ ಕೆಲಸದ ಜೀವಾಳ. ಅವಸರ ಮಾಡಬೇಡಿ. ಐಪಿಕಾನ್ಫಿಗ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕೆ ಅಂಟಿಸಿ "ಆಲ್" ಎಂದು ಹಾಕಿ. ಪುಟಗಟ್ಟಲೆ ಬರುತ್ತದೆ. ನೀವು ಬಳಸುತ್ತಿರುವ ವೈಫೈ ಅಥವಾ ಈಥರ್‌ನೆಟ್ ಭಾಗದಲ್ಲಿ ಐದು ಸಾಲು ಹುಡುಕಿ ಹಾಳೆಯ ಮೇಲೆ ಬರೆದುಕೊಳ್ಳಿ: ಐಪಿವಿ4 ವಿಳಾಸ, ಡೀಫಾಲ್ಟ್ ಗೇಟ್‌ವೇ (ಇದೇ ರೌಟರಿನ ವಿಳಾಸ), ಡಿಎಚ್‌ಸಿಪಿ ಸರ್ವರ್, ಡಿಎನ್‌ಎಸ್ ಸರ್ವರ್ಸ್, ಮತ್ತು ಮೇಲ್ಗಡೆ ಇರುವ ಡಿಎನ್‌ಎಸ್ ಸಫಿಕ್ಸ್. ಸಫಿಕ್ಸ್ ಎಂದರೆ ಮನೆತನದ ಅಡ್ಡಹೆಸರು. ನೀವು ಬರೀ "ಕಣಜ" ಎಂದರೆ ಲ್ಯಾಪ್‌ಟಾಪ್ ತಾನೇ "ಕಣಜ ಡಾಟ್ ಲ್ಯಾನ್" ಎಂದು ಪೂರ್ತಿ ಮಾಡಿಕೊಳ್ಳುವುದು ಇದರಿಂದಲೇ.

ಈಗ ಡಿಎನ್‌ಎಸ್ ಸರ್ವರ್ಸ್ ಸಾಲು. ಅಲ್ಲಿ ರೌಟರಿನ ವಿಳಾಸ ಒಂದೇ ಇದ್ದರೆ ಒಳ್ಳೆಯದು, ಮುಂದಿನ ಹಂತಕ್ಕೆ ಹೋಗಿ.

8.8.8.8 ಅಥವಾ 1.1.1.1 ಎಂದು ಇದ್ದರೆ ಕಳ್ಳ ಸಿಕ್ಕ. ಮೊದಲನೆಯದು ಗೂಗಲ್ 2009ರಲ್ಲಿ ತೆರೆದ ಸಾರ್ವಜನಿಕ ಡಿಎನ್‌ಎಸ್, ಎರಡನೆಯದು ಕ್ಲೌಡ್‌ಫ್ಲೇರ್ 2018ರಲ್ಲಿ ತೆರೆದದ್ದು. ಎರಡೂ ಜಗತ್ತಿನ ವೆಬ್‌ಸೈಟುಗಳ ಹೆಸರನ್ನು ಬಲ್ಲವು. ನಿಮ್ಮ ಅಟ್ಟದ ಮೇಲಿನ ಕಣಜವನ್ನು ಅವು ಎಲ್ಲಿ ಕಂಡಿವೆ? "ಇಂಟರ್‌ನೆಟ್ ಸ್ಪೀಡ್ ಆಗ್ತದ" ಎಂದು ಯಾರೋ ಹೇಳಿದ್ದನ್ನು ಕೇಳಿ ಎಂದೋ ಹಾಕಿ ಮರೆತಿರುತ್ತೀರಿ.

ಮೊದಲ ಸಾಲಿನಲ್ಲಿ ರೌಟರ್, ಎರಡನೆಯ ಸಾಲಿನಲ್ಲಿ 8.8.8.8 ಇದ್ದರೆ? ಇದು ಹೆಚ್ಚು ಅಪಾಯದ್ದು, ಏಕೆಂದರೆ ಒಮ್ಮೆ ಹೆಸರು ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ. ಎರಡನೆಯ ಡಿಎನ್‌ಎಸ್ ಎಂದರೆ ಕಾರಿನ ಸ್ಟೆಪ್ನಿ, ಮೊದಲನೆಯದು ಪಂಕ್ಚರ್ ಆದಾಗ ಮಾತ್ರ ಉರುಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಮೊದಲನೆಯದು ಒಂದು ಗಳಿಗೆ ತಡಮಾಡಿದರೂ ಲ್ಯಾಪ್‌ಟಾಪ್ ಎರಡನೆಯದನ್ನು ಕೇಳಬಹುದು. ಕೆಲವು ಯಂತ್ರಗಳು ಎರಡನ್ನೂ ಸಮವಾಗಿಯೇ ಕೇಳುತ್ತವೆ. 8.8.8.8 "ಅಂಥ ಹೆಸರೇ ಇಲ್ಲ" ಎಂದು ಖಡಾಖಂಡಿತ ಉತ್ತರ ಕೊಟ್ಟಮೇಲೆ ಲ್ಯಾಪ್‌ಟಾಪ್ ಅದನ್ನೇ ನಂಬುತ್ತದೆ, ಹಿಂದಕ್ಕೆ ಬಂದು ರೌಟರನ್ನು ಮತ್ತೆ ಕೇಳುವುದಿಲ್ಲ.

ಉದ್ದನೆಯ, ನಡುನಡುವೆ ಕೊಲನ್ ಇರುವ ವಿಳಾಸ ಕಂಡರೆ ಅದು ಐಪಿವಿ6, ಎಂದರೆ ಹೊಸ ಬಗೆಯ ಐಪಿ ವಿಳಾಸ. ನಾವು ಇಲ್ಲಿಯವರೆಗೆ ನೋಡಿದ್ದು ಐಪಿವಿ4. ಇದು ಹೊಸ ಕಾಲದ ತಲೆನೋವು. ನೀವು ಐಪಿವಿ4ರಲ್ಲಿ ಎಲ್ಲ ಸರಿಮಾಡಿರುತ್ತೀರಿ, ಆದರೆ ಫೈಬರ್ ಡಬ್ಬಿ ಇನ್ನೊಂದು ಬಾಗಿಲಿನಿಂದ ಕಂಪನಿಯ ಐಪಿವಿ6 ಡಿಎನ್‌ಎಸ್ ವಿಳಾಸವನ್ನು ಹಂಚುತ್ತಿರುತ್ತದೆ, ಲ್ಯಾಪ್‌ಟಾಪ್ ಅದನ್ನೇ ಮೊದಲು ಕೇಳುತ್ತದೆ. ವಿಳಾಸ ಎಫ್‌ಇ80 ಎಂದು ಆರಂಭವಾಗಿದ್ದರೆ ಹೆದರಬೇಡಿ, ಅದು ನಿಮ್ಮ ಮನೆಯೊಳಗಿನದೇ, ಬಹುತೇಕ ರೌಟರಿನದೇ. 2ರಿಂದ ಆರಂಭವಾಗಿದ್ದರೆ ಅದು ಹೊರಗಿನ ವಿಳಾಸಗಳ ಗುಂಪಿನದು. ಬಹಳ ಸಲ ಅದು ಕಂಪನಿಯ ಡಿಎನ್‌ಎಸ್ ಆಗಿರುತ್ತದೆ.

ಇನ್ನೆರಡು ಬೇಗ ಹೇಳಿಬಿಡುತ್ತೇನೆ. ನಿಮ್ಮ ಐಪಿ 169.254ರಿಂದ ಆರಂಭವಾಗಿದ್ದರೆ ಲ್ಯಾಪ್‌ಟಾಪಿಗೆ ಪ್ಲಾಟೇ ಸಿಕ್ಕಿಲ್ಲ, ಹೆಸರಿನ ಮಾತು ಆಮೇಲೆ. ಆಫೀಸಿನ ವಿಪಿಎನ್ ಚಾಲೂ ಇದ್ದರೆ ಅದನ್ನು ಬಂದ್ ಮಾಡಿ ಮತ್ತೆ ನೋಡಿ, ಅದು ಎಲ್ಲ ಪ್ರಶ್ನೆಗಳನ್ನೂ ಬೆಂಗಳೂರಿನ ಆಫೀಸಿಗೆ ಒಯ್ಯುತ್ತಿರಬಹುದು.

3. ರೌಟರನ್ನೇ ನೇರವಾಗಿ ಕೇಳಿ

ಎನ್‌ಎಸ್‌ಲುಕಪ್ ಎಂಬ ಆದೇಶ ಇದೆ, ಜಾಗ ಬಿಡದೆ ಒಂದೇ ಪದವಾಗಿ ಬರೆಯಬೇಕು. ಅದರ ಮುಂದೆ ಹೆಸರು, ಅದರ ಮುಂದೆ ಯಾರನ್ನು ಕೇಳಬೇಕೋ ಅವರ ವಿಳಾಸ ಹಾಕಿ: ಎನ್‌ಎಸ್‌ಲುಕಪ್ ಕಣಜ ಡಾಟ್ ಲ್ಯಾನ್, ಜಾಗ, 192.168.1.1. "ಲ್ಯಾನ್" ಜಾಗದಲ್ಲಿ ಎರಡನೆಯ ಹಂತದಲ್ಲಿ ಬರೆದುಕೊಂಡ ನಿಮ್ಮ ಸಫಿಕ್ಸ್ ಹಾಕಿ. ಹೆಸರಿನ ಕೊನೆಗೆ ಇನ್ನೊಂದು ಚುಕ್ಕಿ ಇಟ್ಟರೆ ಇನ್ನೂ ಒಳ್ಳೆಯದು, ವಿಂಡೋಸ್ ತನ್ನ ಬುದ್ಧಿಯಿಂದ ಮತ್ತೊಂದು ಸಫಿಕ್ಸ್ ಅಂಟಿಸುವುದು ತಪ್ಪುತ್ತದೆ.

ಸರಿಯಾದ ನಂಬರ್ ಬಂದರೆ ಖಾತೆ ಪುಸ್ತಕ ಸರಿ ಇದೆ, ಕೇಳುವ ದಾರಿ ತಪ್ಪಿದೆ: 5ನೇ ಹಂತಕ್ಕೆ ಹೋಗಿ. "ನಾನ್ ಎಕ್ಸಿಸ್ಟೆಂಟ್ ಡೊಮೇನ್" ಎಂದು ಬಂದರೆ ರೌಟರಿನ ಖಾತೆಯಲ್ಲೇ ಹೆಸರಿಲ್ಲ: 6ನೇ ಹಂತ. ಬಂದ ನಂಬರ್ ನಿಮ್ಮ ಮನೆಯದ್ದೇ ಅಲ್ಲದಿದ್ದರೆ, ಅಂದರೆ 192.168, 10 ಅಥವಾ 172.16ರಿಂದ 172.31ರವರೆಗಿನ ಗುಂಪಿನದ್ದು ಅಲ್ಲದಿದ್ದರೆ, ರೌಟರ್ ತನಗೆ ತಿಳಿಯದ ಹೆಸರನ್ನು ಇಂಟರ್‌ನೆಟ್ ಕಂಪನಿಗೆ ಕಳಿಸಿದೆ, ಅವರು ಯಾವುದೋ ಪುಟದ ವಿಳಾಸ ಕೊಟ್ಟು ಕಳಿಸಿದ್ದಾರೆ. ಇದೂ 6ನೇ ಹಂತದ್ದೇ. ಉತ್ತರವೇ ಬರದೆ ಟೈಮ್ ಔಟ್ ಆದರೆ ನೀವು ಕೊಟ್ಟ ವಿಳಾಸದಲ್ಲಿ ಡಿಎನ್‌ಎಸ್ ಕೂತೇ ಇಲ್ಲ.

ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, ಮೇಲಿನ ಸಾಲಿನಲ್ಲಿ "ಸರ್ವರ್: ಅನ್‌ನೋನ್" ಎಂದು ಬರುತ್ತದೆ. ಅದು ದೋಷವಲ್ಲ, ರೌಟರಿನ ಸ್ವಂತ ಹೆಸರು ಅದರ ಖಾತೆಯಲ್ಲಿ ಬರೆದಿಲ್ಲ ಅಷ್ಟೇ. ಎರಡನೆಯದು, ಎನ್‌ಎಸ್‌ಲುಕಪ್ ಡಿಎನ್‌ಎಸ್ ಒಂದನ್ನೇ ಕೇಳುತ್ತದೆ. ಪಿಂಗ್ ಹಾಗಲ್ಲ, ಅದು ಹೋಸ್ಟ್ಸ್ ಫೈಲ್ (ಲ್ಯಾಪ್‌ಟಾಪಿನದೇ ಹೆಸರು-ನಂಬರ್ ಪಟ್ಟಿ) ನೋಡುತ್ತದೆ, ನೆನಪಿನಲ್ಲಿಟ್ಟದ್ದನ್ನು ನೋಡುತ್ತದೆ, ಡಿಎನ್‌ಎಸ್ ಕೇಳುತ್ತದೆ, ಸಿಗದಿದ್ದರೆ ಮನೆಯೆಲ್ಲ ಕೂಗುತ್ತದೆ. ಹೀಗಾಗಿ ಪಿಂಗಿಗೆ ಸಿಕ್ಕ ಹೆಸರು ಎನ್‌ಎಸ್‌ಲುಕಪ್‌ಗೆ ಸಿಗದಿರುವುದು ಸಹಜ.

4. ಮನೆಯಲ್ಲಿ ಎರಡು ರೌಟರ್ ಇವೆಯೇ?

ಫೈಬರ್ ಹಾಕಿದವರು ಒಂದು ಡಬ್ಬಿ ಕೊಟ್ಟಿರುತ್ತಾರೆ. ಅದರ ವೈಫೈ ಹಿಂದಿನ ಕೋಣೆಗೆ ಬರುವುದಿಲ್ಲ ಎಂದು ನೀವು ಇನ್ನೊಂದು ರೌಟರ್ ತಂದು ಹಚ್ಚಿರುತ್ತೀರಿ. ಈಗ ಮನೆಯಲ್ಲಿ ಎರಡು ಬಡಾವಣೆ, ಎರಡು ಕಿರಾಣಿ ಅಂಗಡಿ. ಒಂದು ಕಡೆ 192.168.1, ಇನ್ನೊಂದು ಕಡೆ 192.168.0. ಈ ಬಡಾವಣೆಯವರ ಹೆಸರು ಆ ಅಂಗಡಿಯವರಿಗೆ ಗೊತ್ತಿಲ್ಲ. ಲ್ಯಾಪ್‌ಟಾಪಿನ ಐಪಿ ಮತ್ತು ಕಣಜದ ಐಪಿಯಲ್ಲಿ ಮೂರನೆಯ ಚುಕ್ಕಿಯವರೆಗಿನ ಭಾಗವನ್ನು ಹೋಲಿಸಿ, ಬೇರೆಯಾಗಿದ್ದರೆ ಇದೇ ದೋಷ.

ಪರಿಹಾರ ಸುಲಭ. ಎರಡನೆಯ ರೌಟರಿನ ಸೆಟ್ಟಿಂಗಿನಲ್ಲಿ "ಆಕ್ಸೆಸ್ ಪಾಯಿಂಟ್ ಮೋಡ್" ಆರಿಸಿ. ಹಳೆಯ ರೌಟರಿನಲ್ಲಿ ಆ ಆಯ್ಕೆ ಇಲ್ಲದಿದ್ದರೆ ಮೊದಲು ಅದರ ಲ್ಯಾನ್ ವಿಳಾಸವನ್ನು ಮೊದಲ ಡಬ್ಬಿಯ ಬಡಾವಣೆಯ ಖಾಲಿ ನಂಬರಿಗೆ ಬದಲಿಸಿ, ಉದಾಹರಣೆಗೆ 192.168.1.2. ನಂತರ ಅದರ ಡಿಎಚ್‌ಸಿಪಿ ಬಂದ್ ಮಾಡಿ. ಕೊನೆಗೆ ಕೇಬಲನ್ನು ವ್ಯಾನ್ (ಇಂಟರ್‌ನೆಟ್ ಬರುವ) ತೂತಿನಿಂದ ತೆಗೆದು ಲ್ಯಾನ್ (ಮನೆಯ ಯಂತ್ರ ಹಚ್ಚುವ) ತೂತಿಗೆ ಹಾಕಿ. ಕ್ರಮ ಇದೇ ಇರಲಿ. ಡಿಎಚ್‌ಸಿಪಿ ಬಂದ್ ಮಾಡುವ ಮೊದಲೇ ಕೇಬಲ್ ಬದಲಿಸಿದರೆ ಒಂದೇ ಬಡಾವಣೆಯಲ್ಲಿ ಇಬ್ಬರು ಪ್ಲಾಟ್ ಹಂಚಲು ನಿಲ್ಲುತ್ತಾರೆ, ಜಗಳ ಬಗೆಹರಿಯುವುದಿಲ್ಲ.

5. ಕೇಳುವ ದಾರಿ ಸರಿಪಡಿಸುವುದು

ರೌಟರಿನ ಪುಟದಲ್ಲಿ ಡಿಎನ್‌ಎಸ್ ಎಂಬ ಪದ ಎರಡು ಕಡೆ ಬರುತ್ತದೆ. ವ್ಯಾನ್ ಅಥವಾ ಇಂಟರ್‌ನೆಟ್ ಪುಟದಲ್ಲಿರುವುದು ರೌಟರ್ ತಾನು ಯಾರನ್ನು ಕೇಳಬೇಕು ಎಂಬುದು. ಲ್ಯಾನ್ ಅಥವಾ ಡಿಎಚ್‌ಸಿಪಿ ಪುಟದಲ್ಲಿರುವುದು ಮನೆಯ ಯಂತ್ರಗಳಿಗೆ "ಇವರನ್ನು ಕೇಳಿ" ಎಂದು ರೌಟರ್ ಹೇಳುವುದು. 8.8.8.8 ನಿಮಗೆ ಬೇಕೇ ಬೇಕೆಂದಿದ್ದರೆ ವ್ಯಾನ್ ಪುಟದಲ್ಲಿ ಹಾಕಿ, ಯಾವ ತಕರಾರೂ ಇಲ್ಲ. ಡಿಎಚ್‌ಸಿಪಿ ಪುಟದಲ್ಲಿ ಮಾತ್ರ ರೌಟರಿನ ವಿಳಾಸ ಒಂದೇ ಇರಲಿ, ಎರಡನೆಯ ಖಾನೆ ಖಾಲಿ ಬಿಡಿ.

ನಂತರ ಲ್ಯಾಪ್‌ಟಾಪಿನ ವೈಫೈ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ "ಆಟೋಮ್ಯಾಟಿಕ್" ಇದೆಯೇ ನೋಡಿ. ಕೈಯಿಂದ ಹಾಕಿದ್ದು ಇದ್ದರೆ ರೌಟರ್ ಏನೇ ಹೇಳಿದರೂ ಅದು ಕೇಳುವುದಿಲ್ಲ.

ಫೋನಿನಲ್ಲಿ ಮಾತ್ರ ಹೆಸರು ಸಿಗದಿದ್ದರೆ "ಪ್ರೈವೇಟ್ ಡಿಎನ್‌ಎಸ್" ನೋಡಿ. ಆಂಡ್ರಾಯ್ಡ್ 9ರಿಂದ ಈ ಸೌಲಭ್ಯ ಇದೆ. ಜಾಹೀರಾತು ತಡೆಯಲೆಂದು ಅಲ್ಲಿ ಯಾವುದೋ ಸರ್ವರಿನ ಹೆಸರು ಹಾಕಿದ್ದರೆ ಫೋನು ಎಲ್ಲ ಪ್ರಶ್ನೆಗಳಿಗೂ ಬೀಗ ಹಾಕಿ ನೇರ ಅವರಿಗೇ ಕಳಿಸುತ್ತದೆ, ಮನೆಯ ರೌಟರನ್ನು ಮಾತಾಡಿಸುವುದೇ ಇಲ್ಲ. "ಆಟೋಮ್ಯಾಟಿಕ್" ಅಥವಾ "ಆಫ್" ಮಾಡಿ. ಬ್ರೌಸರಿನಲ್ಲೂ ಇಂಥದೇ "ಸೆಕ್ಯೂರ್ ಡಿಎನ್‌ಎಸ್" ಎಂಬ ಗುಂಡಿ ಇರುತ್ತದೆ. ಪಿಂಗ್ ಸಿಕ್ಕು ಕ್ರೋಮ್ ಅಥವಾ ಫೈರ್‌ಫಾಕ್ಸಿನಲ್ಲಿ ಮಾತ್ರ ಸಿಗದಿದ್ದರೆ ಅದರ ಮೇಲೆ ಸಂಶಯಪಡಿ.

ಐಪಿವಿ6 ತೊಂದರೆಗೆ ರೌಟರಿನ ಐಪಿವಿ6 ಲ್ಯಾನ್ ಪುಟದಲ್ಲಿ ಕಂಪನಿಯ ಡಿಎನ್‌ಎಸ್ ಹಂಚುವುದನ್ನು ನಿಲ್ಲಿಸುವ ಆಯ್ಕೆ ಹುಡುಕಿ. ಕಂಪನಿ ಕೊಟ್ಟ ಕೆಲವು ಡಬ್ಬಿಗಳಲ್ಲಿ ಆ ಆಯ್ಕೆಯನ್ನೇ ಮುಚ್ಚಿಟ್ಟಿರುತ್ತಾರೆ. ಹಾಗಿದ್ದರೆ ನಿಮಗೆ 7 ಮತ್ತು 8ನೇ ಹಂತಗಳೇ ಗತಿ. ಐಪಿವಿ6 ಪೂರ್ತಿ ಬಂದ್ ಮಾಡಿ ಎಂದು ನಾನು ಹೇಳುವುದಿಲ್ಲ, ನಾಳೆ ಬೇರೇನೋ ನಿಂತಾಗ ಇದನ್ನು ಮರೆತಿರುತ್ತೀರಿ.

ಬದಲಿಸಿದ ಮೇಲೆ ವೈಫೈ ಬಂದ್ ಮಾಡಿ ಮತ್ತೆ ಹಚ್ಚಿ, ಏಕೆಂದರೆ ಹೊಸ ಡಿಎನ್‌ಎಸ್ ವಿಳಾಸ ಹೊಸ ಲೀಸಿನ ಜೊತೆಗೇ ಬರುವುದು. ಆಮೇಲೆ ಹಳೆಯ ನೆನಪನ್ನು ಅಳಿಸಿ: ಐಪಿಕಾನ್ಫಿಗ್, ಜಾಗ, ಓರೆಗೆರೆ, ಫ್ಲಶ್‌ಡಿಎನ್‌ಎಸ್. ಈ ನೆನಪಿಗೆ ಕ್ಯಾಶ್ ಎನ್ನುತ್ತಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾಗಿ ನವನಗರಕ್ಕೆ ಬಂದ ಮೇಲೂ ಹಳೇ ಬಾಗಲಕೋಟೆಯ ಓಣಿಯ ವಿಳಾಸಕ್ಕೇ ಪತ್ರ ಬರೆಯುತ್ತಿದ್ದ ನೆಂಟರು ನಿಮಗೂ ಇದ್ದರೆ, ಕ್ಯಾಶ್ ಎಂದರೇನು ಎಂದು ಬೇರೆ ವಿವರಿಸಬೇಕಿಲ್ಲ. ಫೋನಿನಲ್ಲಾದರೆ ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ.

6. ಖಾತೆ ಪುಸ್ತಕ ಸರಿಪಡಿಸುವುದು

ಒಂದು ಕಹಿ ಸತ್ಯ: ಕಂಪನಿ ಕೊಡುವ ಬಹಳಷ್ಟು ಡಬ್ಬಿಗಳು ಮನೆಯ ಹೆಸರುಗಳ ಖಾತೆ ಇಡುವುದೇ ಇಲ್ಲ. ಕ್ಲೈಂಟ್ ಪಟ್ಟಿಯಲ್ಲಿ "ಕಣಜ" ಎಂದು ಚೆಂದವಾಗಿ ತೋರಿಸುತ್ತವೆ, ಡಿಎನ್‌ಎಸ್ ಕೇಳಿದರೆ ಹೊರಗೆ ಕೈ ತೋರಿಸುತ್ತವೆ. ಪಟ್ಟಿಯಲ್ಲಿ ಹೆಸರು ಕಂಡಿತೆಂದು ಮೋಸಹೋಗಬೇಡಿ. 3ನೇ ಹಂತದ ಉತ್ತರವೇ ಪ್ರಮಾಣ.

ರೌಟರ್ ಖಾತೆ ಇಡುವಂಥದ್ದೇ ಆಗಿ ನಿಮ್ಮ ಒಂದು ಯಂತ್ರದ ಹೆಸರು ಮಾತ್ರ ಇಲ್ಲದಿದ್ದರೆ, ಆ ಯಂತ್ರದಲ್ಲಿ ಐಪಿ ಕೈಯಿಂದ ಹಾಕಿದೆಯೇ ನೋಡಿ. ಕ್ಯಾಮೆರಾ ಹಚ್ಚುವವರು ಡಿವಿಆರ್‌ಗೆ (ಕ್ಯಾಮೆರಾದ ದೃಶ್ಯ ತುಂಬಿಡುವ ಡಬ್ಬಿಗೆ) ಹೀಗೆಯೇ ಮಾಡಿ ಹೋಗುತ್ತಾರೆ. ನಮ್ಮ ಮನೆಯಲ್ಲೂ ಮಾಡಿದ್ದರು. ಪ್ಲಾಟ್ ಕೇಳಲು ಬರದೆ ತಾನೇ ಬೇಲಿ ಹಾಕಿಕೊಂಡವರ ಹೆಸರು ಹಂಚುವವರ ಪುಸ್ತಕದಲ್ಲಿ ಬರುವುದಾದರೂ ಹೇಗೆ? ಜೊತೆಗೆ ರೌಟರ್ ಅದೇ ನಂಬರನ್ನು ಯಾರದೋ ಮೊಬೈಲಿಗೆ ಕೊಟ್ಟುಬಿಡುವ ಅಪಾಯವೂ ಇದೆ. ಯಂತ್ರವನ್ನು "ಡಿಎಚ್‌ಸಿಪಿ"ಗೆ ಬದಲಿಸಿ, ರೌಟರಿನಲ್ಲಿ "ಅಡ್ರೆಸ್ ರಿಸರ್ವೇಶನ್" ಮಾಡಿ. ಎಂದರೆ, ಈ ಯಂತ್ರ ಬಂದಾಗಲೆಲ್ಲ ಇದೇ ಪ್ಲಾಟ್ ಕೊಡು ಎಂದು ಬರೆದಿಡುವುದು. ಯಂತ್ರವನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ, ಅದು ಕಾರ್ಖಾನೆಯಲ್ಲಿ ಕೊಟ್ಟ ಚಾಸಿಸ್ ನಂಬರ್ ಇದ್ದ ಹಾಗೆ. ಆದರೆ ಆಂಡ್ರಾಯ್ಡ್ 10, ಐಓಎಸ್ 14 ಮತ್ತು ಅವುಗಳ ನಂತರದ ಫೋನುಗಳು ಗುರುತು ಮರೆಸಲು ಸುಳ್ಳು ಮ್ಯಾಕ್ ವಿಳಾಸ ತೋರಿಸುತ್ತವೆ. ಫೋನಿಗೆ ರಿಸರ್ವೇಶನ್ ಮಾಡುವುದಾದರೆ ಮನೆಯ ವೈಫೈಗೆ ಮಾತ್ರ ಆ ಸೌಲಭ್ಯ ಬಂದ್ ಮಾಡಿ.

ಹೆಸರಿನಲ್ಲೇ ತಪ್ಪಿರಬಹುದು. ಇಂಗ್ಲಿಷ್ ಅಕ್ಷರ, ಅಂಕೆ, ನಡುಗೆರೆ ಇಷ್ಟೇ ಇರಲಿ. ಜಾಗ ಬಿಡಬಾರದು, ಅಡಿಗೆರೆ ಬೇಡ. 15 ಅಕ್ಷರದೊಳಗಿದ್ದರೆ ವಿಂಡೋಸಿನ ಹಳೆಯ ಪದ್ಧತಿಗೂ ಒಗ್ಗುತ್ತದೆ. ಎರಡು ಯಂತ್ರಗಳಿಗೆ ಒಂದೇ ಹೆಸರಿಟ್ಟರೆ ಕೊನೆಗೆ ಬಂದವರು ಹೆಸರನ್ನು ಕಿತ್ತುಕೊಳ್ಳುತ್ತಾರೆ. ಅಂಗಡಿಯಲ್ಲಿ ಒಂದೇ ಪೆನ್‌ಡ್ರೈವಿನಿಂದ ನಾಲ್ಕು ಕಂಪ್ಯೂಟರಿಗೆ ವಿಂಡೋಸ್ ಹಾಕಿಸಿದವರಲ್ಲಿ ಇದು ಸಾಮಾನ್ಯ.

ಓಪನ್‌ಡಬ್ಲ್ಯುಆರ್‌ಟಿ (ರೌಟರಿನ ಮೂಲ ತಂತ್ರಾಂಶದ ಬದಲು ಹಾಕುವ ಮುಕ್ತ ತಂತ್ರಾಂಶ) ಹಾಕಿದ ರೌಟರ್ ಇದ್ದವರು ಪುಣ್ಯವಂತರು. ಅದರಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶವೇ ಪ್ಲಾಟ್ ಹಂಚುತ್ತದೆ, ಅದೇ ಹೆಸರನ್ನೂ ಹೇಳುತ್ತದೆ. ನೆಟ್‌ವರ್ಕ್ ಪಟ್ಟಿಯಲ್ಲಿ "ಡಿಎಚ್‌ಸಿಪಿ ಆಂಡ್ ಡಿಎನ್‌ಎಸ್" ತೆರೆದು "ಸ್ಟ್ಯಾಟಿಕ್ ಲೀಸ್" ಭಾಗದಲ್ಲಿ ಹೆಸರು, ಮ್ಯಾಕ್, ಐಪಿ ಬರೆಯಿರಿ. ಮೂಲ ಸೆಟ್ಟಿಂಗಿನಲ್ಲಿ ಅದು 100ರಿಂದ 249ರವರೆಗಿನ ನಂಬರ್‌ಗಳನ್ನು ತಾನಾಗಿ ಹಂಚುತ್ತದೆ, ಆದ್ದರಿಂದ ನಿಮ್ಮ ಕಾಯಂ ಯಂತ್ರಗಳಿಗೆ 100ಕ್ಕಿಂತ ಕೆಳಗಿನದು ಕೊಡಿ. ಕೈಯಿಂದ ಐಪಿ ಹಾಕಿದ ಯಂತ್ರವನ್ನು ಮುಟ್ಟಲಾಗದಿದ್ದರೆ "ಹೋಸ್ಟ್‌ನೇಮ್ಸ್" ಭಾಗದಲ್ಲಿ ಹೆಸರು, ಐಪಿ ಎರಡೇ ಬರೆದರೂ ಸಾಕು.

ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಟ್ಟು ಕೊಂಡ ನಿಮ್ಮ ಸ್ವಂತ ಡೊಮೇನನ್ನು ಮನೆಯ 192.168 ವಿಳಾಸಕ್ಕೆ ತೋರಿಸಿದವರಿಗೆ ಬೇರೊಂದು ಅಡ್ಡಿ ಇದೆ. ಹೊರಗಿನ ಡಿಎನ್‌ಎಸ್ ಮನೆಯೊಳಗಿನ ನಂಬರ್ ಹೇಳಿದರೆ ಇದೇನೋ ಮೋಸ ಎಂದು ರೌಟರ್ ಆ ಉತ್ತರವನ್ನು ಎಸೆದುಬಿಡುತ್ತದೆ. ಇದಕ್ಕೆ ರೀಬೈಂಡ್ ಪ್ರೊಟೆಕ್ಷನ್ ಎನ್ನುತ್ತಾರೆ. ಅದನ್ನು ಬಂದ್ ಮಾಡಬೇಡಿ, ನಿಮ್ಮ ಡೊಮೇನ್ ಒಂದನ್ನೇ ವಿನಾಯಿತಿ ಪಟ್ಟಿಗೆ ಸೇರಿಸಿ.

7. ಖಾತೆ ಇಲ್ಲದ ಮನೆಯಲ್ಲಿ ಕೂಗಿ ಕರೆಯುವುದು

ವಿಜಯಪುರದ ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ನಿಂತು ಹೆಸರು ಕೂಗಿದ್ದೀರಲ್ಲವೇ? ಗುಮ್ಮಟದೊಳಗಿನ ಎಲ್ಲರಿಗೂ ಕೇಳಿಸುತ್ತದೆ, ಆ ಹೆಸರಿನವರು ಓಗೊಡುತ್ತಾರೆ. ಹೊರಗೆ ಹುಲ್ಲಿನ ಮೇಲೆ ಕೂತವರಿಗೆ ಕೇಳುವುದಿಲ್ಲ. ಎಂಡಿಎನ್‌ಎಸ್ ಎಂಬುದು ಇದೇ. ಯಾವ ಅಂಗಡಿಯವರನ್ನೂ ಕೇಳದೆ, "ಕಣಜ ಡಾಟ್ ಲೋಕಲ್ ಯಾರು?" ಎಂದು ಮನೆಯ ನೆಟ್‌ವರ್ಕಿನಲ್ಲಿ ಕೂಗುವುದು. ಕೂಗಲು 224.0.0.251 ಎಂಬ ವಿಶೇಷ ವಿಳಾಸ, 5353 ಎಂಬ ಪೋರ್ಟ್ ಮೀಸಲಾಗಿವೆ. ಆಪಲ್ ಯಂತ್ರಗಳು, ಇಂದಿನ ಬಹುತೇಕ ಪ್ರಿಂಟರ್‌ಗಳು, ನೆಟ್‌ವರ್ಕ್ ಹಾರ್ಡ್ ಡಿಸ್ಕ್ ಡಬ್ಬಿಗಳು ಇದಕ್ಕೆ ಉತ್ತರ ಕೊಡುತ್ತವೆ. ವಿಂಡೋಸ್ 10 ಮತ್ತು 11ಕ್ಕೂ ಇದು ಗೊತ್ತು. ಲಿನಕ್ಸಿನಲ್ಲಿ ಅವಾಹಿ ಎಂಬ ತಂತ್ರಾಂಶ ಇರಬೇಕು. ಆಂಡ್ರಾಯ್ಡ್ 12ಕ್ಕಿಂತ ಹಳೆಯ ಫೋನಿನ ಬ್ರೌಸರಿನಲ್ಲಿ ಇದು ನಡೆಯುವುದಿಲ್ಲ.

ಹಾಗಾಗಿ ರೌಟರ್ ಬದಲಿಸದೆ ಕೆಲಸ ಆಗಬೇಕಿದ್ದರೆ ಮೊದಲು "ಡಾಟ್ ಲೋಕಲ್" ಹಾಕಿ ನೋಡಿ. ಎಷ್ಟೋ ಜನರ ತಕರಾರು ಇಷ್ಟಕ್ಕೇ ಮುಗಿದಿದೆ.

ಆದರೆ ರೌಟರಿನ ಡಿಎನ್‌ಎಸ್ ಸಫಿಕ್ಸ್ ಆಗಿ "ಲೋಕಲ್" ಎಂದು ಎಂದೂ ಇಡಬೇಡಿ. 2013ರಿಂದ ಆ ಪದ ಈ ಕೂಗುವ ಪದ್ಧತಿಗೇ ಮೀಸಲು. ಇಟ್ಟರೆ ಕೆಲವು ಯಂತ್ರಗಳು ಕೂಗುತ್ತವೆ, ಕೆಲವು ರೌಟರನ್ನು ಕೇಳುತ್ತವೆ, ನಿಮಗೆ ತಲೆಬುಡ ತಿಳಿಯುವುದಿಲ್ಲ. ಮನೆಗಾಗಿ ಅಧಿಕೃತವಾಗಿ ಮೀಸಲಿಟ್ಟದ್ದು "ಹೋಮ್ ಡಾಟ್ ಅರ್ಪಾ", 2018ರಿಂದ. "ಇಂಟರ್ನಲ್" ಎಂಬುದನ್ನೂ 2024ರಲ್ಲಿ ಇದಕ್ಕಾಗಿ ಬಿಟ್ಟುಕೊಟ್ಟಿದ್ದಾರೆ. ಈಗಾಗಲೇ "ಲ್ಯಾನ್" ಎಂದಿದ್ದು ನಡೆಯುತ್ತಿದ್ದರೆ ನಾನಂತೂ ಕೈಹಚ್ಚುವುದಿಲ್ಲ.

8. ಕೊನೆಯ ಎರಡು ದಾರಿ

ಒಂದೇ ಕಂಪ್ಯೂಟರಿನಿಂದ ಒಂದೇ ಯಂತ್ರ ಸಿಕ್ಕರೆ ಸಾಕೆನ್ನುವವರಿಗೆ ಹೋಸ್ಟ್ಸ್ ಫೈಲ್ ಇದೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸುವ ಮೊದಲು ಇಡೀ ನೆಟ್‌ವರ್ಕಿನ ಹೆಸರುಗಳು ಇಂಥ ಒಂದೇ ಫೈಲಿನಲ್ಲಿದ್ದವು. ಅದರ ಮೊಮ್ಮಗ ಇನ್ನೂ ನಿಮ್ಮ ವಿಂಡೋಸಿನಲ್ಲಿ ಕೂತಿದ್ದಾನೆ: ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಅದರೊಳಗೆ ಇಟಿಸಿ ಫೋಲ್ಡರ್. ನೋಟ್‌ಪ್ಯಾಡನ್ನು "ರನ್ ಆಸ್ ಅಡ್ಮಿನಿಸ್ಟ್ರೇಟರ್" ಎಂದು ತೆರೆದು ಕೊನೆಗೆ ಒಂದು ಸಾಲು ಸೇರಿಸಿ: ಐಪಿ, ಜಾಗ, ಹೆಸರು. ಉಳಿಸುವಾಗ ಹೆಸರಿನ ಕೊನೆಗೆ "ಡಾಟ್ ಟಿಎಕ್ಸ್‌ಟಿ" ಅಂಟಿಕೊಂಡರೆ ವಿಂಡೋಸ್ ಅದನ್ನು ಓದುವುದಿಲ್ಲ. ಎಲ್ಲರೂ ಎಡವುವುದು ಅಲ್ಲೇ. 6ನೇ ಹಂತದ ರಿಸರ್ವೇಶನ್ ಮಾಡದೆ ಇದನ್ನು ಬರೆದರೆ ನಾಳೆ ಐಪಿ ಬದಲಾದಾಗ ಸುಳ್ಳು ವಿಳಾಸ ಹೇಳುತ್ತದೆ.

ಇಡೀ ಮನೆಗೆ ಬೇಕಿದ್ದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಒಂದು ಹಳೆಯ ಕಂಪ್ಯೂಟರಿನಲ್ಲಿ ಪೈ-ಹೋಲ್ ಇಲ್ಲವೇ ಆಡ್‌ಗಾರ್ಡ್ ಹೋಮ್ ಎಂಬ ಡಿಎನ್‌ಎಸ್ ತಂತ್ರಾಂಶ ಹಾಕಿ, ಅದರಲ್ಲಿ ಹೆಸರುಗಳನ್ನು ಬರೆದಿಟ್ಟು, ರೌಟರಿನ ಡಿಎಚ್‌ಸಿಪಿ ಪುಟದಲ್ಲಿ ಅದರ ವಿಳಾಸ ಕೊಡಿ. ಆದರೆ ಅದು ನಿಂತರೆ ಇಡೀ ಮನೆಯ ಇಂಟರ್‌ನೆಟ್ ನಿಂತ ಹಾಗೆ ಕಾಣುತ್ತದೆ, ಮಕ್ಕಳು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ.

9. ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಹೆಸರು ಮಾಯವಾದರೆ

"ನಿನ್ನಿತನಕ ಬರೋಬ್ಬರಿ ಇತ್ತು" ಎನ್ನುವವರಲ್ಲಿ ಇಂಥವರೂ ಇರುತ್ತಾರೆ. ಓಪನ್‌ಡಬ್ಲ್ಯುಆರ್‌ಟಿಯಂಥ ರೌಟರ್‌ಗಳು ಲೀಸುಗಳ ಪಟ್ಟಿಯನ್ನು ತಾತ್ಕಾಲಿಕ ನೆನಪಿನಲ್ಲಿ ಇಡುತ್ತವೆ. ಕರೆಂಟ್ ಹೋದರೆ ಪಾಟಿ ಒರೆಸಿದ ಹಾಗೆ. ವೈಫೈ ಯಂತ್ರಗಳಿಗೆ ರೌಟರ್ ನಿಂತದ್ದು ತಿಳಿಯುತ್ತದೆ, ಅವು ಮತ್ತೆ ಬಂದು ಹೆಸರು ಬರೆಸುತ್ತವೆ. ಆದರೆ ನಿಮ್ಮ ಕಣಜ ನಡುವೆ ಒಂದು ಸ್ವಿಚ್ ಡಬ್ಬಿಯ ಮೂಲಕ ಕೇಬಲಿನಲ್ಲಿದ್ದು, ಸ್ವಿಚ್ ಮತ್ತು ಕಣಜ ಇನ್ವರ್ಟರ್ ಮೇಲೆ, ರೌಟರ್ ಮಾತ್ರ ಸಾದಾ ಪ್ಲಗ್ಗಿನ ಮೇಲೆ ಇದ್ದರೆ? ಕಣಜಕ್ಕೆ ಏನೂ ಆದದ್ದೇ ಗೊತ್ತಾಗುವುದಿಲ್ಲ. ಲೀಸಿನ ಅವಧಿ ಅರ್ಧ ಮುಗಿದಾಗಲೇ ಅದು ಮತ್ತೆ ರೌಟರನ್ನು ಮಾತಾಡಿಸುವುದು. ಅವಧಿ 12 ಗಂಟೆಯಾದರೆ ಆರು ಗಂಟೆಯವರೆಗೂ ಹೆಸರು ಖಾತೆಯಲ್ಲಿ ಇಲ್ಲದಿರಬಹುದು. ಅಷ್ಟರಲ್ಲಿ ನೀವು ಹತ್ತು ಸೆಟ್ಟಿಂಗ್ ಬದಲಿಸಿರುತ್ತೀರಿ, ಹೆಸರು ತಾನಾಗಿ ಮರಳಿದಾಗ ಹತ್ತನೆಯದರಿಂದಲೇ ಸರಿಹೋಯಿತು ಎಂದು ನಂಬಿರುತ್ತೀರಿ.

ಸ್ಟ್ಯಾಟಿಕ್ ಲೀಸ್ ಅಥವಾ ಹೋಸ್ಟ್‌ನೇಮ್ಸ್‌ನಲ್ಲಿ ಬರೆದ ಹೆಸರು ಕಾಯಂ ನೆನಪಿನಲ್ಲಿ ಉಳಿಯುತ್ತದೆ, ಕರೆಂಟಿಗೆ ಅಳಿಯುವುದಿಲ್ಲ. ಫೈಬರ್ ಡಬ್ಬಿ ಮತ್ತು ರೌಟರಿಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್‌ಗಳು ಸಿಗುತ್ತವೆ, ಒಂದು ತಂದು ಹಚ್ಚಿ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಓದಿಕೊಂಡು ಹೋಗಿ. ಕೆಲವು ಡಬ್ಬಿಗಳು 9 ವೋಲ್ಟಿನವು ಇರುತ್ತವೆ, 12 ಹಾಕಿದರೆ ಸುಟ್ಟಾವು.